ಹೊಂಗನೂರು ಬರೆದ ಲೇಖನ

ನಾನು ರಾಮನಗರದ ಕಾಲೇಜಿಗೆ ಗ್ರಂಥಪಾಲಕಿಯಾಗಿ ಸೇರಿದ ಕಾಲಕ್ಕೆ ಹೊರದೇಶದ ಸಂಶೋಧನಾ ಲೇಖನ ಬೇಕೆಂದರೆ ಬೇಡಬೇಕಿತ್ತು. ಬೇಡುವುದಕ್ಕೆಂದೇ ಅಚ್ಚು ಹಾಕಿಸಿದ ಕಾರ್ಡುಗಳಿದ್ದವು. ‘ತಮ್ಮ ಈ ಲೇಖನದ ಒಂದು ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ’ ಎಂಬ ಇಂಗ್ಲಿಷ್ ಸಾಲು, ಅದರ ಕೆಳಗೆ ಖಾಲಿ ಜಾಗ. ಬೆಂಗಳೂರಿನ ದೊಡ್ಡ ಗ್ರಂಥಾಲಯಗಳಿಗೆ ಹೋಗಿ, ಅಲ್ಲಿನ ಸೂಚಿಗಳಲ್ಲಿ ಲೇಖನದ ಹೆಸರು ಹುಡುಕಿ, ಅದನ್ನು ಆ ಖಾಲಿ ಜಾಗದಲ್ಲಿ ತುಂಬಿ ಅಂಚೆಗೆ ಹಾಕುವುದು ನನ್ನ ಕೆಲಸ. ಬರೆದವರು ಒಳ್ಳೆಯವರಾಗಿದ್ದರೆ ಪ್ರತಿ ಬರುತ್ತಿತ್ತು.

ಆಗ ನನಗೆ ಇಪ್ಪತ್ತೇಳು. ದಿನಚರಿ ಬರೆಯುವ, ಎಲ್ಲವನ್ನೂ ಎಣಿಸುವ ಚಟ. ಹೋದ ಪ್ರತಿ ಕಾರ್ಡಿಗೂ ಒಂದು ಗೀಟು, ಉತ್ತರ ಬಂದರೆ ಅದರ ಮೇಲೊಂದು ಅಡ್ಡಗೀಟು. ಮೊದಲ ವರ್ಷದ ಕೊನೆಗೆ ನಲವತ್ತಾರು ಗೀಟುಗಳಿದ್ದವು, ಅಡ್ಡಗೀಟು ಬಿದ್ದದ್ದು ಹದಿನೆಂಟಕ್ಕೆ. ನನಗದು ದೊಡ್ಡ ಗೆಲುವಾಗಿ ಕಂಡಿತ್ತು. ಉಳಿದ ಇಪ್ಪತ್ತೆಂಟು ಲೇಖನಗಳಲ್ಲಿ ಏನಿತ್ತೋ ನಮ್ಮ ಕಾಲೇಜಿಗೆ ಕೊನೆಗೂ ಗೊತ್ತಾಗಲಿಲ್ಲ.

ಒಮ್ಮೆ ಜಪಾನಿನ ಹಿರಿಯ ವಿಜ್ಞಾನಿಯೊಬ್ಬರು ಕೇಳಿದ ಒಂದರ ಜೊತೆ ಕೇಳದ ಆರು ಲೇಖನಗಳನ್ನೂ ಸೇರಿಸಿ ಕಟ್ಟು ಕಳಿಸಿದರು. ಮೇಲೊಂದು ಒಕ್ಕಣೆ: ‘ಪ್ರಿಯ ಡಾಕ್ಟರ್ ರಾಮನಗರ ಅವರೇ’. ಕಾರ್ಡಿನ ಹಿಂದಿನ ಮೊಹರಿನಲ್ಲಿ ಊರಿನ ಹೆಸರೇ ದೊಡ್ಡದಾಗಿ ಕಂಡಿತ್ತು, ಅದನ್ನೇ ಅವರು ಮನುಷ್ಯನ ಹೆಸರೆಂದುಕೊಂಡಿದ್ದರು. ಕಾರ್ಡು ಹಾಕಿಸಿದ್ದ ಪ್ರಾಣಿಶಾಸ್ತ್ರದ ನಾಗೇಶರನ್ನು ಸಹೋದ್ಯೋಗಿಗಳು ಆ ವರ್ಷವೆಲ್ಲ ‘ಬನ್ನಿ ಡಾಕ್ಟರ್ ರಾಮನಗರ’ ಎಂದೇ ಕರೆದರು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಬಡ್ತಿ, ವೇತನ ಶ್ರೇಣಿಗಳ ಬಗ್ಗೆ. ಅವು ಬರುವಾಗ ಬರುತ್ತವೆ. ನಾಗೇಶರ ಒಂದು ಲೇಖನದಿಂದ ನಾನು ಕಲಿತದ್ದನ್ನು ಹೇಳಿದರೆ ಅವರಿಗೆ ಹೆಚ್ಚು ಉಪಯೋಗವಾದೀತು.

ರಾಮನಗರ ಇನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದಾಗಲೇ ನಮಗೆ ಕಂಪ್ಯೂಟರು, ಟೆಲಿಫೋನ್ ತಂತಿಯ ಇಂಟರ್‌ನೆಟ್ಟು ಬಂದವು. ಲೇಖನ ಹುಡುಕಲು ಬಂದ ಆ ಯಂತ್ರದ ಮುಂದೆ ಮೊದಲು ಸಾಲು ನಿಂತವರು ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ಕೆಲಸ ಖಾಲಿ ಇದೆಯೇ ಎಂದು ನೋಡಲು ಬಂದ ವಿದ್ಯಾರ್ಥಿಗಳು. ಬೆಳಗ್ಗೆ ಅವರಿಗೆ, ಮಧ್ಯಾಹ್ನ ಅಧ್ಯಾಪಕರಿಗೆ ಎಂದು ಹೊತ್ತು ಹಂಚಿದೆ. ಹಾಗೆ ಹಂಚಿದ ಹೊತ್ತನ್ನು ಹೆಚ್ಚಾಗಿ ಬಳಸಿಕೊಂಡವರು ನಾಗೇಶರೇ.

ಅವರ ಊರು ಚನ್ನಪಟ್ಟಣದ ಹತ್ತಿರದ ಹೊಂಗನೂರು. ಅಲ್ಲಿ ಅವರ ಚಿಕ್ಕವ್ವ ಜಯಮ್ಮನದು ಹಿಪ್ಪುನೇರಳೆ ತೋಟ. ಆ ಸೊಪ್ಪಿನಲ್ಲೇ ಆಕೆ ರೇಷ್ಮೆ ಹುಳ ಸಾಕಿ ಗೂಡು ಮಾರುತ್ತಿದ್ದರು. ಆ ವರ್ಷಗಳಲ್ಲಿ ಗಿಡದ ಸುಳಿಗೆ ಬೆಳ್ಳಗೆ ಹಿಟ್ಟು ಮೆತ್ತಿದಂಥ ತಿಗಣೆ ಬಿದ್ದು ಎಲೆಯೆಲ್ಲ ಮುದುಡುತ್ತಿತ್ತು. ರೈತರು ಸುಳಿ ಚಿವುಟಿ ಸುಡುತ್ತಿದ್ದರು, ಇಲ್ಲವೇ ಔಷಧಿ ಹೊಡೆಯುತ್ತಿದ್ದರು. ಈ ತಿಗಣೆಯನ್ನು ತಿನ್ನುವ ಒಂದು ಜೀರುಂಡೆ ಇದೆ. ಆದರೆ ಅದರ ಮರಿಯ ಮೈಮೇಲೂ ಅಂಥದೇ ಬಿಳಿ ಹಿಟ್ಟು. ಹೀಗಾಗಿ ರೈತರು ತಿಗಣೆಯ ಜೊತೆಗೆ ಅದನ್ನು ತಿನ್ನಲು ಬಂದದ್ದನ್ನೂ ಸುಡುತ್ತಿದ್ದರು. ನಾಗೇಶರು ಹಿಡಿದದ್ದು ಇದನ್ನೇ. ಎರಡನ್ನೂ ಗುರುತಿಸಲು ಒಂದು ಸುಲಭದ ದಾರಿಯನ್ನೂ ಅವರು ಪರೀಕ್ಷಿಸಿದ್ದರು: ಕಡ್ಡಿಯಿಂದ ಮುಟ್ಟಿದರೆ ತಿಗಣೆ ಕುಂತಲ್ಲೇ ಕುಂತಿರುತ್ತದೆ, ಜೀರುಂಡೆಯ ಮರಿ ಚುರುಕಾಗಿ ನಡೆದುಬಿಡುತ್ತದೆ.

ಪರೀಕ್ಷೆಗೆಂದು ಜಯಮ್ಮ ತಮ್ಮ ತೋಟಕ್ಕೆ ಔಷಧಿ ಹೊಡೆಸಲಿಲ್ಲ, ಸುಳಿಯನ್ನೂ ಸುಡಲಿಲ್ಲ. ಬೇಲಿಯಾಚೆಯ ತೋಟ ಆಕೆಯ ಬಾವ, ಗಂಡನ ಅಣ್ಣ ಪುಟ್ಟಸ್ವಾಮಿಯದು. ‘ನಿನ್ ತಿಗಣೆ ನನ್ ತೋಟಕ್ ಬರ್ತವೆ’ ಎಂದು ಅವರಿಗೆ ಸಿಟ್ಟು. ಮುಂದಿನ ಬೆಳೆಯ ಸೊಪ್ಪು ಚಿಗುರುವಷ್ಟರಲ್ಲಿ ಎರಡೂ ತೋಟಕ್ಕೆ ತಾವೇ ಔಷಧಿ ಹೊಡೆಸುವುದಾಗಿ ಊರ ಹಿರಿಯರ ಮುಂದೆ ಹೇಳಿಬಿಟ್ಟಿದ್ದರು. ಹಾಗೆ ಹೊಡೆಸಿದರೆ ಜಯಮ್ಮನ ಜೀರುಂಡೆಗಳೂ ಸಾಯುತ್ತಿದ್ದವು, ವಿಷ ಇಳಿಯುವ ಮೊದಲೇ ಆ ಸೊಪ್ಪು ತಿಂದರೆ ರೇಷ್ಮೆ ಹುಳಗಳೂ ಸಾಯುತ್ತಿದ್ದವು. ನಾಗೇಶರ ಬಾಯಿಮಾತನ್ನು ಪುಟ್ಟಸ್ವಾಮಿ ನಂಬಲು ತಯಾರಿರಲಿಲ್ಲ. ‘ಅಚ್ಚಾಗಿರೋದ್ ತೋರ್ಸು, ಆಮೇಲ್ ನೋಡನ’ ಅಂದಿದ್ದರಂತೆ.

ಲೇಖನ ಅಚ್ಚಾಯಿತು, ಅದೂ ಹೊರದೇಶದ ಹೆಸರಾಂತ ಪತ್ರಿಕೆಯಲ್ಲಿ. ಕಾಲೇಜಿನಲ್ಲಿ ಸಿಹಿ ಹಂಚಿದೆವು. ಮರುವಾರ ರಾಮನಗರದ ಗೂಡು ಮಾರುಕಟ್ಟೆಗೆ ಬಂದಿದ್ದ ಜಯಮ್ಮ, ಮಾರಾಟ ಮುಗಿಸಿ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನೇರ ನನ್ನ ಗ್ರಂಥಾಲಯಕ್ಕೆ ಬಂದರು. ನಾಗೇಶರೂ ಇದ್ದರು. ನಾನು ಕಂಪ್ಯೂಟರಿನಲ್ಲಿ ಪತ್ರಿಕೆಯ ಪುಟ ತೆರೆದೆ. ಶೀರ್ಷಿಕೆ ಕಂಡಿತು, ಐದಾರು ಸಾಲಿನ ಸಾರಾಂಶ ಕಂಡಿತು. ಅದರ ಕೆಳಗೆ, ಪೂರ್ತಿ ಓದಬೇಕಾದರೆ ಡಾಲರಿನಲ್ಲಿ ಇಷ್ಟು ಕಟ್ಟಿ ಎಂಬ ಸೂಚನೆ.

‘ಇದೇಯೇನ್ಲಾ ಮಗ ನಿನ್ ಪೇಪರ್ರು? ಒಸಿ ತೆಗಿ, ಹುಳದ್ ಫೋಟೋ ನೋಡನ.’

‘ತೆಗ್ಯಾಕಾಯ್ತಿಲ್ಲ ಚಿಕ್ಕವ್ವ. ದುಡ್ಡು ಕೇಳ್ತೈತೆ.’

‘ಯಾರ್ನ?’

‘ನನ್ನ.’

‘ಬರ್ದೋನು ನೀನು, ಸೊಪ್ಪು ನಂದು, ತಿಗಣೆ ನಂದು. ದುಡ್ಡು ಇನ್ಯಾವನಿಗ್ಲಾ?’

ಏಳನೇ ಕ್ಲಾಸಿನವರೆಗೆ ಓದಿದ್ದ ಜಯಮ್ಮ ಶೀರ್ಷಿಕೆಯ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿಕೊಂಡು, ‘ಇಲ್ಲಿ ಹೊಂಗನೂರು ಅಂತೈತೆ. ನಿನ್ ಹೆಸ್ರೆಲ್ಲೈತೆ?’ ಅಂದರು.

‘ಪಕ್ಕದಾಗೆ ಎನ್ ಅಂತ ಐತಲ್ಲ, ಅದೇ ನಾನು.’

‘ಊರ್ ಅಷ್ಟುದ್ದ, ನೀನ್ ಒಂದಕ್ಷರ! ಒಳ್ಳೇದಾಯ್ತು ಬುಡು, ಊರೇ ಬರ್ದಂಗಾಯ್ತು.’

ಇದು ನಮ್ಮ ಕಡೆಯವರಷ್ಟೇ ಮಾಡಬಲ್ಲ ಎಡವಟ್ಟು. ನಾಗೇಶರ ಪೂರ್ತಿ ಹೆಸರು ಹೊಂಗನೂರು ಲಿಂಗಯ್ಯ ನಾಗೇಶ. ಎಲ್ಲರಿಗೂ ಅವರು ಎಚ್. ಎಲ್. ನಾಗೇಶ. ಪತ್ರಿಕೆಯವರು ‘ಕುಟುಂಬದ ಹೆಸರು’ ಏನೆಂದು ಕೇಳಿದ್ದರು. ನಮ್ಮಲ್ಲಿ ಅಂಥದ್ದು ಎಲ್ಲಿದೆ? ಅಪ್ಪ, ಅಣ್ಣ, ತಂಗಿ ಎಲ್ಲರ ಹೆಸರಿನ ಮುಂದೆಯೂ ಇರುವುದು ಎಚ್ ಒಂದೇ. ಹಾಗಾದರೆ ಕುಟುಂಬದ ಹೆಸರು ಹೊಂಗನೂರೇ ಇರಬೇಕೆಂದು ಅವರು ತುಂಬಿದ್ದರು. ಅವರ ಲೆಕ್ಕಾಚಾರದಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಜಗತ್ತಿನ ಸೂಚಿಗಳಲ್ಲಿ ಊರು ಲೇಖಕನಾಗಿ ಕೂತಿತು. ತಿದ್ದಿಕೊಡಿ ಎಂದು ಬರೆದರೆ, ಪ್ರಕಟವಾದ ಮೇಲೆ ಬದಲಿಸಲಾಗದು ಎಂಬ ವಿನಯದ ಉತ್ತರ ಬಂತು.

ಜಯಮ್ಮ ಬರಿಗೈಯಲ್ಲಿ ಹೋಗಬಾರದಿತ್ತು. ‘ನಿಮ್ಮ ಹತ್ತಿರ ಇರೋದನ್ನೇ ಪ್ರಿಂಟ್ ತೆಗೆದು ಕೊಡಿ’ ಎಂದೆ ನಾಗೇಶರಿಗೆ.

ಅವರು ಹೆದರಿದರು. ‘ಹಕ್ಕನ್ನೆಲ್ಲ ಅವರಿಗೆ ಬರೆದುಕೊಟ್ಟಿದ್ದೀನಿ ಮೇಡಂ, ಜಮೀನು ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಮಾರಿದ ತೋಟಕ್ಕೆ ಹೋಗಿ ಕಾಯಿ ಕೀಳೋಕಾಗುತ್ತಾ?’

‘ಕಾಯಿ ಬ್ಯಾಡ, ನೆಳ್ಳಾಗ್ ಕುಂತ್ಕಳಾಕೂ ಬುಡಾಕಿಲ್ವಾ?’ ಎಂದು ಜಯಮ್ಮ ಎದ್ದರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, ‘ಮೇಡಮ್ಮೋರೇ, ಸೊಪ್ಪು ಕಟಾವಾಗೈತೆ. ಇನ್ನು ಚಿಗುರೋದೇ ತಡ’ ಎಂದರು.

ಆ ಸಂಜೆಯೇ ಪ್ರಕಾಶಕರಿಗೆ ಮಿಂಚಂಚೆ ಬರೆದೆ. ಉತ್ತರ ಬರುವಷ್ಟರಲ್ಲಿ ಅವರದೇ ಪುಟಗಳಲ್ಲಿ ಲೇಖಕರ ಹಕ್ಕುಗಳ ನಿಯಮ ಹುಡುಕಿ ಓದಿದೆ. ಹೊಸಬರು ಇಂದಿಗೂ ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಒಂದು ಲೇಖನಕ್ಕೆ ಮೂರು ರೂಪಗಳಿರುತ್ತವೆ. ಲೇಖಕರು ಮೊದಲು ಕಳಿಸಿದ್ದು. ವಿಮರ್ಶಕರು ಹೇಳಿದ ತಿದ್ದುಪಡಿ ಮಾಡಿ, ಪತ್ರಿಕೆ ಒಪ್ಪಿಕೊಂಡ ಮೇಲೂ ಲೇಖಕರದೇ ಟೈಪಿನಲ್ಲಿ ಇರುವುದು. ಕೊನೆಗೆ ಪ್ರಕಾಶಕರು ಪುಟ ಕಟ್ಟಿ ಅಚ್ಚು ಹಾಕಿದ್ದು. ಮೂರನೆಯದನ್ನು ಮುಟ್ಟುವಂತಿರಲಿಲ್ಲ. ಎರಡನೆಯದನ್ನು ಲೇಖಕರು ತಮ್ಮ ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಡಬಹುದಿತ್ತು, ಬೇಕಾದವರಿಗೆ ಪ್ರತಿ ತೆಗೆದೂ ಕೊಡಬಹುದಿತ್ತು. ಪ್ರಕಾಶಕರ ಉತ್ತರವೂ ಅದನ್ನೇ ಹೇಳಿತು. ಬಾಗಿಲು ಮುಚ್ಚಿರಲಿಲ್ಲ, ಯಾರೂ ತಳ್ಳಿ ನೋಡಿರಲಿಲ್ಲ ಅಷ್ಟೇ.

ಆದರೆ ಆ ಎರಡನೆಯ ರೂಪ ಎಲ್ಲಿ? ನಾಗೇಶರ ಫ್ಲಾಪಿಯನ್ನು ಕಂಪ್ಯೂಟರು ಓದಲೊಲ್ಲದು. ಕೊನೆಗೆ ಅವರು ಸಂಪಾದಕರಿಗೆ ಕಳಿಸಿದ್ದ ಮಿಂಚಂಚೆಯ ಜೊತೆಗೇ ಅದು ಸಿಕ್ಕಿತು, ಎರಡೂ ಹುಳಗಳ ಚಿತ್ರಗಳ ಸಮೇತ. ಒಂದು ಪ್ರತಿ ತೆಗೆದು ಹೊಂಗನೂರಿಗೆ ಕಳಿಸಿದೆವು. ಪುಟ್ಟಸ್ವಾಮಿ ಅದನ್ನು ಕೈಯಲ್ಲೂ ಹಿಡಿಯಲಿಲ್ಲವಂತೆ. ‘ನಿಮ್ಮಕ್ಕನ್ ಮಗ ಮನೇಲಿ ಟೈಪ್ ಮಾಡವ್ನೆ. ಕಾಲೇಜ್ನೋರು ಇದ್ನ ಒಪ್ಪವ್ರಾ ಕೇಳು’ ಅಂದರಂತೆ. ಅವರ ಅನುಮಾನವೂ ಸುಳ್ಳಲ್ಲ, ನೋಡಲು ಅದು ಬರೀ ಟೈಪ್ ಮಾಡಿದ ಹಾಳೆಯೇ. ಕಾಲೇಜಿನ ಜಾಲತಾಣದಲ್ಲಿ, ಕಾಲೇಜಿನ ಹೆಸರಿನಡಿ ಅದು ಕಾಣಲೇಬೇಕಿತ್ತು. ಅದಕ್ಕೆ ಪ್ರಿನ್ಸಿಪಾಲರು ಒಪ್ಪಬೇಕು.

ನಮ್ಮ ಪ್ರಿನ್ಸಿಪಾಲ್ ರುದ್ರಯ್ಯನವರು ರಸಾಯನಶಾಸ್ತ್ರದವರು. ಕೆಟ್ಟವರಲ್ಲ, ಹೆದರಿಕೆಯ ಮನುಷ್ಯ. ‘ಬಿಟ್ಟಿ ಸಿಕ್ಕಿದ್ದಕ್ಕೆ ಯಾರು ಬೆಲೆ ಕೊಡ್ತಾರೆ ವಿಮಲಾ ಅವರೇ? ದೊಡ್ಡ ಪತ್ರಿಕೇಲಿ ಬಂದಿದೆ ಅನ್ನೋದೇ ನಮಗೆ ಗೌರವ. ನಾವೂ ಹಾಕಿಕೊಂಡರೆ ಅದು ಕಾಲೇಜ್ ಮ್ಯಾಗಜಿನ್ ಆಗಿಹೋಗುತ್ತೆ’ ಎಂದರು. ಪ್ರಕಾಶಕರ ಉತ್ತರ ತೋರಿಸಿದೆ. ‘ಇವತ್ತು ಹೂಂ ಅಂತಾರೆ, ನಾಳೆ ನೋಟಿಸ್ ಕಳಿಸಿದರೆ ಉತ್ತರ ಕೊಡೋನು ನಾನು’ ಎಂದು ವಾಪಸು ಕೊಟ್ಟರು. ಎರಡು ಸಲ ಹೋದೆ, ಎರಡು ಸಲವೂ ಇದೇ ಮಾತು.

ಮೂರನೆಯ ಸಲ ಅವರೇ ನನ್ನ ಮೇಜಿಗೆ ಬಂದರು. ವರ್ಷದ ವರದಿಗೆ ಅಧ್ಯಾಪಕರ ಲೇಖನಗಳನ್ನು ಒಂದೊಂದಾಗಿ ತಾಳೆ ನೋಡಬೇಕಿತ್ತು. ನಾಗೇಶ ಎಂದು ಹುಡುಕಿದರೆ ಏನೂ ಸಿಕ್ಕಿರಲಿಲ್ಲ.

‘ಎಲ್ರೀ ಇದೆ ಆ ಲೇಖನ? ಸಿಹಿ ಬೇರೆ ಹಂಚಿದಿರಿ!’

ನಾನು ಹೊಂಗನೂರು ಎಂದು ಹೊಡೆದೆ. ತಟ್ಟನೆ ಬಂತು. ಏಕೆಂದು ವಿವರಿಸಿದೆ. ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಪರದೆಯ ಕಡೆ ಬಾಗಿ, ತಗ್ಗಿದ ದನಿಯಲ್ಲಿ, ‘ಹಾಗಾದರೆ ಒಂದ್ಸಲ ಮಾಗಡಿ ಅಂತ ಹೊಡೀರಿ’ ಎಂದರು.

ಅವರು ಎಂ. ಸಿ. ರುದ್ರಯ್ಯ, ಮಾಗಡಿ ಚಿಕ್ಕಣ್ಣ ರುದ್ರಯ್ಯ. ಹೊರದೇಶದ ಪತ್ರಿಕೆಗಳು ತಮ್ಮ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸುತ್ತಿದ್ದ ವರ್ಷಗಳವು. ಪರದೆಯ ಮೇಲೆ ಅವರು ಪಿಎಚ್‌ಡಿ ಮಾಡುತ್ತಿದ್ದಾಗಿನ ಲೇಖನ ಬಂತು. ಲೇಖಕರು: ಮಾಗಡಿ.

‘ನಂದೇ’ ಎಂದರು. ‘ನನ್ನ ಹತ್ರ ಇದ್ದ ಒಂದೇ ಪ್ರತಿ ಗೆದ್ದಲು ತಿಂದುಹೋಯ್ತು. ಕಾಣಿಸಿದ ಕಡೆಯೆಲ್ಲ ರುದ್ರಯ್ಯ ರುದ್ರಯ್ಯ ಅಂತ ಹುಡುಕಿದೀನಿ, ಎಲ್ಲೂ ಸಿಗಲಿಲ್ಲ. ತೆಗೀರಿ, ತೆಗೀರಿ.’

ಒತ್ತಿದೆ. ಡಾಲರು ಕೇಳಿತು.

‘ಏನ್ರೀ ಇದು?’

‘ಎಲ್ಲರಿಗೂ ಹಾಗೇ ಸಾರ್.’

‘ನಾನು ಎಲ್ಲರೂ ಅಲ್ಲ ಕಣ್ರೀ, ಬರೆದೋನು!’ ಎಂದು ದನಿ ಏರಿಸಿದವರು ತಾವೇ ನಾಚಿ ಸುತ್ತ ನೋಡಿದರು. ಓದುತ್ತಿದ್ದ ಹುಡುಗರು ತಲೆ ತಗ್ಗಿಸಿದರು. ಕುರ್ಚಿಯ ತುದಿಯಲ್ಲಿ ಕೂತು ತಮ್ಮ ಸಾರಾಂಶದ ಐದು ಸಾಲುಗಳನ್ನು ಎರಡೆರಡು ಸಲ ಓದಿಕೊಂಡರು. ಎದ್ದು ಹೋಗುವಾಗ ಕೇಳಿದ್ದು ಒಂದೇ ಮಾತು: ‘ನಾಗೇಶಂದು ಯಾವತ್ತು ಹಾಕ್ತೀರಿ?’

ಆ ವಾರವೇ ಕಾಲೇಜಿಗೆ ಒಂದು ಪುಟದ ನಿಯಮವಾಯಿತು. ಅಧ್ಯಾಪಕರು ಏನೇ ಪ್ರಕಟಿಸಲಿ, ತಮ್ಮ ಟೈಪಿನ ಕೊನೆಯ ರೂಪವನ್ನು ಗ್ರಂಥಾಲಯಕ್ಕೆ ಕೊಡಬೇಕು. ಪ್ರಕಾಶಕರ ನಿಯಮ ನೋಡಿ ಗ್ರಂಥಾಲಯ ಅದನ್ನು ಜಾಲತಾಣದಲ್ಲಿ ತೆರೆದಿಡಬೇಕು. ಪ್ರತಿ ಲೇಖನದ ಜೊತೆ ಒಂದು ಪುಟ ಕನ್ನಡವಿರಬೇಕು. ಲೇಖಕರ ಹೆಸರಿನ ಎಲ್ಲ ರೂಪಗಳನ್ನೂ ಒಂದರಿಂದ ಒಂದಕ್ಕೆ ‘ಇದನ್ನೂ ನೋಡಿ’ ಎಂದು ಜೋಡಿಸಬೇಕು. ಕೊನೆಯದನ್ನು ರುದ್ರಯ್ಯನವರೇ ಕೈಬರಹದಲ್ಲಿ ಸೇರಿಸಿದರು. ಈಗ ಪ್ರತಿ ಸಂಶೋಧಕರಿಗೂ ಒಂದು ಗುರುತಿನ ಸಂಖ್ಯೆ ಸಿಗುತ್ತದೆ, ಊರು ಲೇಖಕನಾಗುವ ಅಪಾಯ ಕಡಿಮೆ. ನಾವು ಆಗ ಮಾಡಿದ್ದು ಗ್ರಂಥಾಲಯಗಳ ಹಳೆಯ ಕಾರ್ಡು ಸೂಚಿಯ ಉಪಾಯವನ್ನೇ.

ಕನ್ನಡದ ಪುಟ ಬರೆಸುವುದೇ ದೊಡ್ಡ ಕಷ್ಟವಾಯಿತು. ನಾಗೇಶರು ‘ಪರಭಕ್ಷಕ ಕೀಟದ ಅಪ್ರೌಢಾವಸ್ಥೆ’ ಎಂದು ಬರೆದಿದ್ದರು. ಏನಾಯಿತೆಂದು ಕೇಳಲು ಬಂದಿದ್ದ ಜಯಮ್ಮ ಓದಿ, ‘ಇದ್ಯಾವ್ ಕನ್ನಡ್ವಲಾ, ಬೈದಂಗೈತೆ’ ಎಂದರು. ‘ತಿಗಣೆ ತಿನ್ನೋ ಹುಳದ ಮರಿ’ ಎಂದು ತಿದ್ದಿದೆವು. ನಮ್ಮ ಕನ್ನಡದ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಚಿತ್ತುಚಿತ್ತಾಗಿ ಕಾಣುತ್ತಿದ್ದುದರಿಂದ ಆ ಪುಟವನ್ನು ಚಿತ್ರವಾಗಿಯೇ ಏರಿಸಿದೆ.

ಇನ್ನು ಬೋರ್ಡಿನ ಕಥೆ. ಒಪ್ಪಿದ ಮೇಲೆ ರುದ್ರಯ್ಯನವರಿಗೆ ಉತ್ಸಾಹ ತಡೆಯಲಾಗಲಿಲ್ಲ. ಕಾಲೇಜಿನ ಗೇಟಿಗೂ ಚನ್ನಪಟ್ಟಣದ ಬಸ್ ನಿಲ್ದಾಣಕ್ಕೂ ಒಂದೊಂದು ಬೋರ್ಡು ಬರೆಸಿದರು: ‘ಸಂಶೋಧನಾ ಲೇಖನಗಳಿಗೆ ಮುಕ್ತ ಪ್ರವೇಶ’. ಬರೆಯುವವನು ಮೊದಲೆರಡು ಪದಗಳನ್ನು ಸಣ್ಣಗೆ ಬರೆದು, ‘ಮುಕ್ತ ಪ್ರವೇಶ’ ಎಂಬುದನ್ನು ಕೆಂಪಿನಲ್ಲಿ ಎದ್ದು ಕಾಣುವಂತೆ ಬರೆದಿದ್ದ. ಕೆಳಗೆ ಕಾಲೇಜಿನ ಹೆಸರು. ಪಿಯುಸಿ ಫಲಿತಾಂಶ ಬಂದು ಊರೆಲ್ಲ ಸೀಟಿಗೆ ಅಲೆಯುತ್ತಿದ್ದ ಕಾಲ.

ಮರುದಿನ ಬೆಳಗ್ಗೆ ಗ್ರಂಥಾಲಯದ ಮೆಟ್ಟಿಲವರೆಗೂ ಜನ. ಎಲ್ಲರ ಕೈಯಲ್ಲೂ ಅಂಕಪಟ್ಟಿ. ‘ಪರ್ಸೆಂಟೇಜ್ ಕೇಳಾಕಿಲ್ವಂತೆ’, ‘ಡೊನೇಷನ್ನೂ ಇಲ್ವಂತೆ’ ಎಂಬ ಮಾತು ಸಾಲಿನ ಉದ್ದಕ್ಕೂ ಓಡಾಡುತ್ತಿತ್ತು. ರುದ್ರಯ್ಯನವರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಕಳಿಸುವುದು ನನ್ನ ಪಾಲಿಗೆ ಬಂತು.

ಸಾಲಿನಲ್ಲಿ ಮಗಳ ಜೊತೆ ನಿಂತಿದ್ದ ಬಿಳಿ ಪಂಚೆಯವರೊಬ್ಬರು ತಮ್ಮ ಸರದಿ ಬಂದಾಗ ಅಂಕಪಟ್ಟಿ ಮುಂದಿಟ್ಟು, ‘ಹೊಂಗನೂರು, ಪುಟ್ಟಸ್ವಾಮಿ’ ಎಂದರು. ಜಯಮ್ಮನ ಬಾವ!

‘ಸೀಟಿನ ಬೋರ್ಡಲ್ಲ ಇದು. ಓದೋಕೆ ಬಾಗಿಲು ತೆರೆದಿದೆ ಅಂತ ಅರ್ಥ’ ಎಂದೆ.

‘ಓದೋಕಲ್ವಾ ತಾಯಿ ನಾವು ಬಂದಿರೋದು?’

‘ಹೊಂಗನೂರಿನದೇ ಒಂದಿದೆ, ನೋಡಿ ಹೋಗಿ’ ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಕಾಲೇಜಿನ ಹೆಸರು, ಅದರ ಕೆಳಗೆ ಎರಡು ಹುಳಗಳ ಚಿತ್ರ, ಕನ್ನಡದ ಪುಟ. ಮಗಳು ಗಟ್ಟಿಯಾಗಿ ಓದಿದಳು. ಅವರು ಕತ್ತು ಮುಂದೆ ಮಾಡಿ ಚಿತ್ರವನ್ನೇ ನೋಡುತ್ತಿದ್ದರು.

‘ಅಪ್ಪಾ, ಬರೆದವರು ಹೊಂಗನೂರು ಅಂತೈತೆ.’

‘ಊರು ಎಂಗಮ್ಮಿ ಬರೀತದೆ? ಆ ನಾಗೇಶ ಇರ್ಬೇಕು.’ ನನ್ನ ಕಡೆ ತಿರುಗಿ ಕೇಳಿದರು, ‘ಇದ್ನ ಕಾಲೇಜ್ನೋರು ಒಪ್ಪವ್ರಾ?’

ಹಿಂದೆ ನಿಂತಿದ್ದ ರುದ್ರಯ್ಯನವರು ನಾನು ಬಾಯಿ ತೆರೆಯುವ ಮೊದಲೇ, ‘ನಾನು ಪ್ರಿನ್ಸಿಪಾಲು. ಒಪ್ಪಿದೀನಿ’ ಎಂದರು.

‘ಮುಟ್ಟುದ್ರೆ ನಡೀತದಾ?’

‘ಮುಟ್ಟಿ ನೋಡಿ’ ಎಂದೆ.

ಅವರು ಮಗಳನ್ನು ಕರೆದುಕೊಂಡು ಹೊರಟರು. ಬೋರ್ಡನ್ನು ಅಂದೇ ತೆಗೆಸಿ ‘ಯಾರು ಬೇಕಾದರೂ ಓದಬಹುದು’ ಎಂದು ಬರೆಸಿದೆವು. ಉಳಿದಿದ್ದ ಸೀಟುಗಳಿಗೆ ಅಂದು ಬಂದವರ ಅರ್ಜಿಗಳನ್ನೂ ಸೇರಿಸಿಕೊಳ್ಳುವಂತೆ ರುದ್ರಯ್ಯನವರು ಹೇಳಿದ್ದರಿಂದ ಕೆಲವು ಮಕ್ಕಳಿಗೆ ನಿಜವಾಗಿಯೂ ಪ್ರವೇಶ ಸಿಕ್ಕಿತು. ಪುಟ್ಟಸ್ವಾಮಿಯ ಮಗಳು ಅವರಲ್ಲೊಬ್ಬಳು.

ಹೊಂಗನೂರಲ್ಲಿ ನಡೆದದ್ದನ್ನು ಜಯಮ್ಮ ಮುಂದಿನ ಗೂಡಿನ ಜೊತೆ ಬಂದು ಹೇಳಿದರು. ‘ಔಷ್ದಿ ಕಲಸೋ ಡ್ರಮ್ಮು ಬೇಲಿತಾವ್ ತಂದಿಟ್ಟವ್ರೆ ಮೇಡಮ್ಮೋರೇ. ಪಂಚೆ ಎತ್ಕಟ್ಕಂಡು ನನ್ ತೋಟಕ್ ಬಂದ್ರು, ಒಂದ್ ಕಡ್ಡಿ ಮುರ್ಕಂಡ್ರು, ಸುಳಿ ಮುಟ್ಟುದ್ರು. ಒಂದು ಕುಂತೇ ಐತೆ. ಇನ್ನೊಂದು ಸರ್ರನೆ ಹೊಂಟೋಯ್ತು. “ನಡೀತದೆ ಕಣಮ್ಮಿ!” ಅಂತ ಕೂಗ್ಕಂಡ್ರು. ಮದ್ವೆಯಾಗ್ ಬಂದಾಗ್ಲಿಂದ ನನ್ ಕುಟೆ ಅಷ್ಟ್ ಜೋರಾಗ್ ಮಾತಾಡಿರ್ನಿಲ್ಲ. ಡ್ರಮ್ಮು ಈಗ ಹಟ್ಟಿ ಮುಂದೆ ನೀರ್ ತುಂಬಾಕೈತೆ.’

ಆ ಬೆಳೆಯ ಗೂಡು ಚೆನ್ನಾಗಿ ಬಂದಿತ್ತು. ನಾಗೇಶರ ಮುಂದಿನ ಲೇಖನವನ್ನೂ ಅದೇ ಪತ್ರಿಕೆ ಒಪ್ಪಿಕೊಂಡಿತು, ಯಾವ ನೋಟಿಸೂ ಬರಲಿಲ್ಲ.

ಈಗಿನವರಿಗೆ ಬೇರೆ ತೊಡಕುಗಳಿವೆ. ಓದುವವರ ಬದಲು ಬರೆಯುವವರಿಂದಲೇ ಹಣ ಕೇಳುವ ಪತ್ರಿಕೆಗಳಿವೆ. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಮೋಸದ ಪತ್ರಿಕೆಗಳೂ ಇವೆ. ಎಷ್ಟು ದೊಡ್ಡ ಪತ್ರಿಕೆ ಎಂಬುದರ ಮೇಲೆಯೇ ಅಧ್ಯಾಪಕರನ್ನು ಅಳೆಯುವ ಅಭ್ಯಾಸ ಪೂರ್ತಿ ಹೋಗಿಲ್ಲ. ಆದರೆ ಸಾರ್ವಜನಿಕರ ಹಣದಲ್ಲಿ ನಡೆದ ಸಂಶೋಧನೆ ಸಾರ್ವಜನಿಕರಿಗೆ ಸಿಗಬೇಕು ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ನಾನು ಸೇರಿದಾಗ ಹಾಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಪ್ರಕಾಶಕರ ನಿಯಮ ಓದಿ, ಲೇಖಕರಿಗೆ ಧೈರ್ಯ ಹೇಳಿ, ಯಾವ ರೂಪ ತೆರೆದಿಡಬಹುದೆಂದು ತೋರಿಸುವುದು ಗ್ರಂಥಪಾಲಕರದೇ ಕೆಲಸ. ಅದನ್ನು ಬೇರೆ ಯಾರೂ ಮಾಡುವುದಿಲ್ಲ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಪುಟ್ಟಸ್ವಾಮಿ ಒಬ್ಬರೇ ಬಂದರು. ಮಗಳ ವಿಷಯ ಇರಬೇಕೆಂದುಕೊಂಡೆ. ಅವರು ಚಪ್ಪಲಿ ಹೊರಗೆ ಬಿಟ್ಟು, ಕೈಲಿದ್ದ ಒಂದು ಎಳೆಯ ತೆಂಗಿನಕಾಯನ್ನು ನನ್ನ ಮೇಜಿನ ಮೇಲಿಟ್ಟರು. ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿ ಬಿರಿದಿತ್ತು.

‘ನುಸಿ ತಾಯಿ. ಮರವೆಲ್ಲಾ ಹಿಂಗೇ ಆಗೈತೆ. ಇದ್ರ ಮೇಲೆ ಯಾರಾರ ಬರ್ದವ್ರಾ? ಒಸಿ ತೆಗ್ದು ನೋಡಿ.’

ಹುಡುಕಿದೆ. ಕೇರಳದ ಕಡೆಯ ಸಂಶೋಧಕರು ಬರೆದದ್ದೊಂದು ಸಿಕ್ಕಿತು. ಒತ್ತಿದೆ. ಮೊದಲ ಪುಟ ಬಂತು, ಎರಡನೆಯದು ಬಂತು, ಚಿತ್ರಗಳು ಬಂದವು. ಅವರು ಕೊನೆಯ ಪುಟದವರೆಗೂ ಕಾದರು.

‘ದುಡ್ ಕೇಳ್ನಿಲ್ವಾ?’

‘ಇಲ್ಲ.’

‘ಹಂಗಾರೆ ತಡೀರಿ, ಕುರ್ಚಿ ಎಳ್ಕತೀನಿ’ ಎಂದರು.